ನಾಲ್ಕು ವರ್ಷ ನಿಂತ ಡುಕಾಟಿ: ಸ್ಟಾರ್ಟ್ ಬಟನ್ ಒತ್ತುವ ಮೊದಲು

ಪ್ರಶ್ನೆ: ನಾನು ಮೈಸೂರಿನವನು. ಈಗ ಜರ್ಮನಿಯ ಸ್ಟಟ್‌ಗಾರ್ಟ್‌ನಲ್ಲಿ ಕೆಲಸ. ಹೋದ ತಿಂಗಳು 1995ರ ಡುಕಾಟಿ 900 ಎಸ್‌ಎಸ್ ಬೈಕ್ ಕೊಂಡೆ. 38,000 ಕಿ.ಮೀ. ಓಡಿದೆ. ಹಿಂದಿನ ಮಾಲೀಕರಿಗೆ ವಯಸ್ಸಾಗಿ ಗಾಡಿ ನಾಲ್ಕು ವರ್ಷ ಗ್ಯಾರೇಜಿನಲ್ಲೇ ನಿಂತಿತ್ತು. ಅಪ್ಪನ ಯೆಜ್ಡಿ ಬಿಚ್ಚಿ ಜೋಡಿಸಿದ್ದು ಬಿಟ್ಟರೆ ನನಗೆ ಬೇರೆ ಅನುಭವ ಇಲ್ಲ. ಬರುವ ಬೇಸಿಗೆಯಲ್ಲಿ ಇದರಲ್ಲೇ ಆಲ್ಪ್ಸ್ ದಾಟಿ, ಡುಕಾಟಿಯ ಊರಾದ ಇಟಲಿಯ ಬೊಲೋನ್ಯಾ ತನಕ ಹೋಗಬೇಕು ಅಂತ ಆಸೆ. ಮೊದಲು ಏನು ಮಾಡಲಿ? ಏನೇನು ಹಾಕಿಸಲಿ? ಓಡಿಸುವಾಗ ಏನು ಗಮನದಲ್ಲಿ ಇರಬೇಕು? ಇಟಲಿ ಗಾಡಿ ಅಂದ್ರೆ ಓಡೋದಕ್ಕಿಂತ ರಿಪೇರಿಯೇ ಜಾಸ್ತಿ ಅಂತ ಎಲ್ಲರೂ ಹೆದರಿಸುತ್ತಿದ್ದಾರೆ.

ಉತ್ತರ: ಮೊದಲಿಗೆ ಒಂದು ಮಾತು. ಇನ್ನೂ ಸ್ಟಾರ್ಟ್ ಮಾಡಿಲ್ಲ ಅಂದುಕೊಂಡಿದ್ದೇನೆ. ಮಾಡಿಲ್ಲದಿದ್ದರೆ ಬ್ಯಾಟರಿಯ ವೈರ್ ಬಿಚ್ಚಿಟ್ಟು, ಕೀ ತೆಗೆದು ಡ್ರಾಯರ್‌ಗೆ ಹಾಕಿ. ಇದನ್ನು ಪೂರ್ತಿ ಓದಿದ ಮೇಲೆ ಶುರು ಮಾಡೋಣ. ನಿಂತ ಗಾಡಿ ತಂದವರು ಮೊದಲು ಮಾಡುವ ಕೆಲಸವೇ ಬಟನ್ ಒತ್ತಿ ಸದ್ದು ಕೇಳುವುದು. ಆಸೆ ಅರ್ಥವಾಗುತ್ತದೆ. ಆದರೆ ಈ ಇಂಜಿನ್‌ನಲ್ಲಿ ಅದೇ ಅತಿ ದೊಡ್ಡ ಅಪಾಯ.

ಹೆದರಿಸುವವರ ಮಾತಿಗೂ ಉತ್ತರ ಇಲ್ಲೇ ಇದೆ. ಈ ಗಾಡಿಗಳು ಓಡಿ ಓಡಿ ಕೆಡುವುದು ಕಡಿಮೆ. ನಿಂತು ನಿಂತು ಕೆಡುತ್ತವೆ. ಹದಿನೆಂಟು ವರ್ಷದಿಂದ ಬೊಲೋನ್ಯಾ ಹತ್ತಿರ ಇವುಗಳ ಜೊತೆಯೇ ನನ್ನ ಕೆಲಸ. 90,000 ಕಿ.ಮೀ. ದಾಟಿಯೂ ಸೊಗಸಾಗಿ ಓಡುವ 900 ಎಸ್‌ಎಸ್ ನೋಡಿದ್ದೇನೆ. 12,000 ಕಿ.ಮೀ. ಓಡಿ, ಕವರ್ ಹೊದ್ದು ಹತ್ತು ವರ್ಷ ನಿಂತು, ಮುಟ್ಟಿದ್ದೆಲ್ಲ ಹಾಳಾಗಿದ್ದ ಗಾಡಿಯನ್ನೂ ನೋಡಿದ್ದೇನೆ. ನಿಮ್ಮ 38,000 ನನಗೆ ಚಿಂತೆಯ ಅಂಕಿ ಅಲ್ಲ. ಆ ನಾಲ್ಕು ವರ್ಷ ಚಿಂತೆಯ ಅಂಕಿ.

ಕೊಂಡಿದ್ದು ಒಳ್ಳೆಯ ಗಾಡಿಯನ್ನೇ. 904 ಸಿಸಿ, ಎರಡು ಸಿಲಿಂಡರ್, ನಡುವೆ 90 ಡಿಗ್ರಿ ಕೋನ. ಒಂದು ಸಿಲಿಂಡರ್ ಹೆಚ್ಚುಕಡಿಮೆ ನೆಟ್ಟಗೆ ನಿಂತಿದೆ, ಇನ್ನೊಂದು ಮುಂದಕ್ಕೆ ಮಲಗಿದೆ. ತಣಿಯುವುದು ಗಾಳಿ ಮತ್ತು ಆಯಿಲ್‌ನಿಂದ. ರೇಡಿಯೇಟರ್ ಇಲ್ಲ, ವಾಟರ್ ಪಂಪ್ ಇಲ್ಲ, ಫ್ಯಾನ್ ಇಲ್ಲ. ಒಂದು ಹೆಡ್ಡಿಗೆ, ಅಂದರೆ ಸಿಲಿಂಡರಿನ ತಲೆಗೆ, ಎರಡೇ ವಾಲ್ವ್. ಅದೇ ಕಾಲದ ಡುಕಾಟಿ 916ರಲ್ಲಿ ನಾಲ್ಕು ವಾಲ್ವ್, ನೀರಿನ ಕೂಲಿಂಗ್, ಇಂಜೆಕ್ಷನ್ ಎಲ್ಲ ಇತ್ತು. ರೇಸ್ ಗೆದ್ದು ಹೆಸರು ಮಾಡಿದ್ದು ಅದು. ಆದರೆ ಮನೆಯ ಗ್ಯಾರೇಜಿನಲ್ಲಿ ಸ್ವಂತ ಕೈಯಲ್ಲಿ ಬಿಚ್ಚಿ ಜೋಡಿಸಬೇಕು ಅಂದರೆ ನಾನು 900 ಎಸ್‌ಎಸ್ಸನ್ನೇ ಆರಿಸುತ್ತೇನೆ. 1993ರಲ್ಲಿ ಬಂದ ಮಾನ್‌ಸ್ಟರ್‌ಗೂ ಇದೇ ಇಂಜಿನ್ ಹಾಕಿದರು. ಹಾಗಾಗಿ ಬಿಡಿಭಾಗ ಇವತ್ತಿಗೂ ಸಿಗುತ್ತವೆ.

ಯೆಜ್ಡಿ ಗೊತ್ತಿರುವುದು ಒಳ್ಳೆಯದೇ. ಕಾರ್ಬೊರೇಟರ್, ಪ್ಲಗ್, ಚೈನ್ ಬಗ್ಗೆ ಕೈಗೆ ಅಂದಾಜು ಇರುತ್ತದೆ. ಆದರೆ ಯೆಜ್ಡಿ ಟೂ ಸ್ಟ್ರೋಕ್. ಅದರಲ್ಲಿ ವಾಲ್ವೇ ಇಲ್ಲ, ಟೈಮಿಂಗ್ ಬೆಲ್ಟ್ ಇಲ್ಲ. ವರ್ಷಗಟ್ಟಲೆ ಕೊಟ್ಟಿಗೆಯಲ್ಲಿ ನಿಂತ ಯೆಜ್ಡಿಗೆ ಹೊಸ ಪೆಟ್ರೋಲ್ ಹಾಕಿ, ಪ್ಲಗ್ ಒರೆಸಿ, ನಾಲ್ಕು ಕಿಕ್ ಹೊಡೆದರೆ ಎದ್ದುಬಿಡುತ್ತದೆ. ಆ ಅಭ್ಯಾಸವನ್ನು ಇಲ್ಲಿಗೆ ತರಬೇಡಿ.

ಕಾರಣ ಬೆಲ್ಟ್. ಡುಕಾಟಿಯಲ್ಲಿ ಎರಡು ರಬ್ಬರ್ ಬೆಲ್ಟ್ ಇವೆ, ಪ್ರತಿ ಹೆಡ್ಡಿಗೆ ಒಂದು. ವಾಲ್ವ್ ತೆರೆದು ಮುಚ್ಚಿಸುವ ಕ್ಯಾಮ್ ಶಾಫ್ಟನ್ನು ತಿರುಗಿಸುವುದು ಅವೇ. ಫಾಬಿಯೊ ತಾಲ್ಯೋನಿ ಅನ್ನುವ ಇಂಜಿನಿಯರ್ 1970ರ ದಶಕದ ಕೊನೆಗೆ ಪಾಂತಾ ಅನ್ನುವ ಮಾಡೆಲ್‌ಗೆ ಈ ಏರ್ಪಾಡು ತಂದರು. ಅದಕ್ಕೆ ಮುಂಚೆ ಅಲ್ಲಿ ಶಾಫ್ಟ್ ಮತ್ತು ಬೆವೆಲ್ ಗೇರ್ ಇರುತ್ತಿತ್ತು. ಬೆಲ್ಟ್ ಬಂದಿದ್ದರಿಂದ ಸದ್ದು ಕಡಿಮೆ ಆಯಿತು, ಖರ್ಚೂ ಇಳಿಯಿತು. ನಿಮ್ಮ ಇಂಜಿನ್ ಅದೇ ವಂಶದ್ದು. ಬೆಲ್ಟ್ ಹರಿದರೆ ಅಥವಾ ಹಲ್ಲು ಜಾರಿದರೆ, ತೆರೆದಿರುವ ವಾಲ್ವಿಗೆ ಪಿಸ್ಟನ್ ಬಂದು ಹೊಡೆಯುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಎರಡು ವರ್ಷಕ್ಕೊಮ್ಮೆ, ಇಲ್ಲವೇ 20,000 ಕಿ.ಮೀ.ಗೆ, ಯಾವುದು ಮೊದಲೋ ಆಗ ಬೆಲ್ಟ್ ಬದಲಿಸಬೇಕು. ಗಾಡಿ ಓಡದೇ ಇದ್ದರೂ ಎರಡು ವರ್ಷ ಎರಡು ವರ್ಷವೇ. ನಿಂತಲ್ಲೇ ನಿಂತ ಬೆಲ್ಟ್ ಪುಲ್ಲಿ ಸುತ್ತ ಬಾಗಿದ ಆಕಾರದಲ್ಲೇ ಗಟ್ಟಿಯಾಗುತ್ತದೆ. ಮೊದಲ ಸಲ ತಿರುಗುವಾಗ ಅದು ನೆಟ್ಟಗಾಗಲೇಬೇಕು. ಬಿರುಕು ಬಿಡುವುದು ಆಗಲೇ.

ಇದನ್ನು ನಾನು ಓದಿ ಕಲಿತಿದ್ದಲ್ಲ. ನನ್ನ ಮೊದಲ ಡುಕಾಟಿ ಒಂದು 750 ಎಸ್‌ಎಸ್. ಮಾರಿದವರು "ಬೆಲ್ಟ್ ಹೊಸದು" ಅಂದರು. ರಸೀದಿ ಕೇಳಿದೆ, ಮನೆಯಲ್ಲಿ ಎಲ್ಲೋ ಇದೆ ಅಂದರು. ನಂಬಿದೆ. ಮೂರನೇ ವಾರ, ತಂಪಾದ ಒಂದು ಬೆಳಗ್ಗೆ, ಟೋಲ್ ದಾಟಿ ಗೇರ್ ಏರಿಸುವಾಗ ಟಕ್ ಅಂತ ಸಣ್ಣ ಸದ್ದು. ಇಂಜಿನ್ ನಿಂತೇ ಹೋಯಿತು. ಹೆಡ್ ಬಿಚ್ಚಿದಾಗ ಎರಡು ವಾಲ್ವ್ ಬಗ್ಗಿದ್ದವು. ಪಿಸ್ಟನ್ ಮೇಲೆ ಅರ್ಧಚಂದ್ರದ ಗುರುತು. ಬೆಲ್ಟಿನ ಬೆನ್ನ ಮೇಲೆ ಅಚ್ಚಾಗಿದ್ದ ತಾರೀಖು ಏಳು ವರ್ಷ ಹಳೆಯದು. ಕವರ್‌ನ ನಾಲ್ಕು ಸ್ಕ್ರೂ ತೆಗೆದು ನೋಡಿದ್ದರೆ ಐದು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಅವತ್ತಿನಿಂದ ಯಾರ ಗಾಡಿ ಬಂದರೂ, ಅವರು ಏನೇ ಹೇಳಿದರೂ, ಮೊದಲು ಆ ಕವರ್ ತೆಗೆಯುತ್ತೇನೆ.

ಹಾಗಾಗಿ ನಿಮ್ಮ ಮೊದಲ ಕೆಲಸ ಎರಡು ಹೊಸ ಬೆಲ್ಟ್. ಎರಡೂ ಪ್ಲಗ್ ಬಿಚ್ಚಿ. ಬಿಚ್ಚುವ ಮುನ್ನ ಸುತ್ತ ಗಾಳಿ ಊದಿ ಸ್ವಚ್ಛ ಮಾಡಿ. ಅದರಲ್ಲೂ ಮುಂದೆ ಮಲಗಿರುವ ಸಿಲಿಂಡರ್‌ನ ಪ್ಲಗ್ ಗುಂಡಿಯಲ್ಲಿ ಮುಂಚಕ್ರದ ಮರಳು, ಮಣ್ಣು ತುಂಬಿರುತ್ತದೆ. ಅದು ಒಳಗೆ ಬಿದ್ದರೆ ಸಿಲಿಂಡರ್ ಗೋಡೆಗೆ ಗೀರು. ಪ್ಲಗ್ ತೂತಿನಿಂದ ಎರಡು ಚಮಚ ಇಂಜಿನ್ ಆಯಿಲ್ ಹಾಕಿ ಒಂದು ರಾತ್ರಿ ಬಿಡಿ. ಹಿಂಚಕ್ರ ನೆಲ ಬಿಟ್ಟು ನಿಲ್ಲುವಂತೆ ಸ್ಟ್ಯಾಂಡ್ ಮೇಲೆ ಇಟ್ಟು, ಮೇಲಿನ ಗೇರ್ ಹಾಕಿ, ಚಕ್ರವನ್ನು ಕೈಯಿಂದ ಮುಂದಕ್ಕೆ ನಿಧಾನವಾಗಿ ತಿರುಗಿಸಿ. ಪುಲ್ಲಿಗಳ ಮೇಲಿನ ಗುರುತು, ಕೇಸಿಂಗ್ ಮೇಲಿನ ಗುರುತು ಒಂದಕ್ಕೊಂದು ಕೂಡಬೇಕು. ಕೂಡಿದ ಮೇಲೆ ಫೋಟೊ ತೆಗೆದುಕೊಳ್ಳಿ, ಬಿಳಿ ಬಣ್ಣದಿಂದ ನಿಮ್ಮದೇ ಗೆರೆಯನ್ನೂ ಎಳೆಯಿರಿ. ಆಮೇಲೆ ಹಳೆಯದನ್ನು ತೆಗೆಯಿರಿ.

ಒಂದು ಎಚ್ಚರಿಕೆ. ಬೆಲ್ಟ್ ಬಿಟ್ಟ ಕೂಡಲೇ ಕೆಲವೊಮ್ಮೆ ಕ್ಯಾಮ್ ಪುಲ್ಲಿ ತಾನಾಗಿಯೇ ಒಂದಿಷ್ಟು ತಿರುಗಿಕೊಳ್ಳುತ್ತದೆ. ಗಾಬರಿ ಬೇಡ. ಮೆಲ್ಲಗೆ ಗುರುತಿಗೆ ತಂದು ಬೆಲ್ಟ್ ಹಾಕಿ. ಜೋರು ಮಾಡಬೇಡಿ. ತಡೆದಂತೆ ಅನಿಸಿದರೆ ಅಲ್ಲೇ ನಿಲ್ಲಿಸಿ, ಯಾಕೆ ಅಂತ ನೋಡಿ.

ಬಿಗಿತದ ವಿಷಯದಲ್ಲಿ ಎಲ್ಲರಿಗೂ ಅನುಮಾನ. ಎರಡು ವಾಲ್ವಿನ ಇಂಜಿನ್‌ಗೆ ಹಳಬರು ಅಲೆನ್ ಕೀ ಲೆಕ್ಕ ಇಟ್ಟುಕೊಂಡಿದ್ದಾರೆ. ಬೆಲ್ಟ್ ಮತ್ತು ರೋಲರ್ ನಡುವೆ 5 ಮಿ.ಮೀ. ಕೀ ಸಲೀಸಾಗಿ ಹೋಗಬೇಕು, 6 ಮಿ.ಮೀ. ಕೀ ಬಿಗಿಯಾಗಿ ತಡೆಯಬೇಕು. ಈಗ ಫೋನಿನಲ್ಲಿ ಬೆಲ್ಟಿನ ಕಂಪನದ ಸ್ವರ ಅಳೆಯುವ ಆ್ಯಪ್ ಇವೆ. ಗಿಟಾರ್ ತಂತಿ ಮೀಟಿದ ಹಾಗೆ ಬೆಲ್ಟ್ ಮೀಟಿದರೆ ಹರ್ಟ್ಸ್ ತೋರಿಸುತ್ತದೆ. ನಾನು ಎರಡನ್ನೂ ಮಾಡುತ್ತೇನೆ. ಜಾಸ್ತಿ ಬಿಗಿ ಆದರೆ ಬೇರಿಂಗ್‌ಗೆ ಏಟು, ಸಡಿಲ ಆದರೆ ಹಲ್ಲು ಜಾರುತ್ತದೆ. ರೋಲರ್‌ಗಳನ್ನು ಕೈಯಲ್ಲಿ ತಿರುಗಿಸಿ. ಕರಕರ ಅಂದರೆ ಅವನ್ನೂ ಬದಲಿಸಿ. ಎಲ್ಲ ಮುಗಿದ ಮೇಲೆ ಇಂಜಿನ್ ಅನ್ನು ಕೈಯಿಂದಲೇ ನಾಲ್ಕು ಪೂರ್ತಿ ಸುತ್ತು ತಿರುಗಿಸಿ. ಗುರುತು ಮತ್ತೆ ಕೂಡಿತಾ? ಎಲ್ಲೂ ತಡೆಯಲಿಲ್ಲವಾ? ಆಗ ಕವರ್ ಹಾಕಿ. ಕವರ್‌ನ ಒಳಬದಿಗೆ ಇವತ್ತಿನ ತಾರೀಖು, ಕಿ.ಮೀ. ಬರೆದಿಡಿ. ಮುಂದೆ ಇದನ್ನು ತೆಗೆದುಕೊಳ್ಳುವವರಿಗೆ ಅದಕ್ಕಿಂತ ಒಳ್ಳೆಯ ರಸೀದಿ ಬೇಕಿಲ್ಲ.

ಬೆಲ್ಟ್ ಕೆಲಸ ಮುಗಿದ ಕೈಯಲ್ಲೇ ವಾಲ್ವ್ ಕ್ಲಿಯರೆನ್ಸ್, ಅಂದರೆ ವಾಲ್ವ್ ಮತ್ತು ಅದನ್ನು ಆಡಿಸುವ ಭಾಗದ ನಡುವಿನ ಸಂದು, ನೋಡಿಬಿಡಿ. "ಡೆಸ್ಮೊ" ಅನ್ನುವ ಪದ ಕೇಳಿ ಹೆದರುವವರು ಬಹಳ ಮಂದಿ. ಅರ್ಥವಾದರೆ ಹೆದರಿಕೆ ಹೋಗುತ್ತದೆ. ಬೇರೆ ಇಂಜಿನ್‌ಗಳಲ್ಲಿ ಕ್ಯಾಮ್ ವಾಲ್ವನ್ನು ತೆರೆಯುತ್ತದೆ, ಸ್ಪ್ರಿಂಗ್ ಮುಚ್ಚುತ್ತದೆ. ವೇಗ ತುಂಬಾ ಜಾಸ್ತಿ ಆದಾಗ ಸ್ಪ್ರಿಂಗ್ ಹಿಂದೆ ಬೀಳುತ್ತದೆ. ತಾಲ್ಯೋನಿ 1956ರಲ್ಲೇ ಡುಕಾಟಿಯ 125 ಸಿಸಿ ರೇಸ್ ಗಾಡಿಗೆ ಬೇರೆ ದಾರಿ ಹುಡುಕಿದರು. ತೆರೆಯಲು ರಾಕರ್ ಅನ್ನುವ ಒಂದು ಸಣ್ಣ ತೋಳು, ಮುಚ್ಚಲು ಇನ್ನೊಂದು ರಾಕರ್. ಬಾಗಿಲನ್ನು ನೂಕಿ ತೆರೆದ ಕೈಯೇ ಎಳೆದು ಮುಚ್ಚಿದ ಹಾಗೆ. ನಿಮ್ಮ ಗಾಡಿಯಲ್ಲಿ ಒಂದು ಹೆಡ್ಡಿಗೆ ನಾಲ್ಕು ರಾಕರ್, ಒಟ್ಟು ಎಂಟು. ಮುಚ್ಚುವ ರಾಕರ್‌ಗೆ ಒಂದು ಸಣ್ಣ ಸ್ಪ್ರಿಂಗ್ ಇದೆ. ಸ್ಟಾರ್ಟ್ ಆಗುವಾಗ ವಾಲ್ವ್ ಗಟ್ಟಿಯಾಗಿ ಕೂರಲಿ ಅಂತ ಅದು ಇರುವುದು, ಅಷ್ಟೇ.

ಹಾಗಾಗಿ ಅಳತೆ ಎಂಟು. ತೆರೆಯುವ ಕಡೆ ಸುಮಾರು 0.10 ಮಿ.ಮೀ. ಸಂದು ಇರಬೇಕು. ಮುಚ್ಚುವ ಕಡೆ ಹೆಚ್ಚುಕಡಿಮೆ ಸೊನ್ನೆ, 0.05ರ ಒಳಗೆ ಇದ್ದರೆ ಚೆನ್ನ. ನಿಮ್ಮ ವರ್ಷದ ವರ್ಕ್‌ಶಾಪ್ ಮ್ಯಾನ್ಯುಯಲ್ ಏನು ಹೇಳುತ್ತದೋ ಅದೇ ಕೊನೆಯ ಮಾತು. ತೆರೆಯುವ ಕಡೆ ಫೀಲರ್ ಗೇಜ್ ತೂರಿಸಿ ಅಳೆಯಬಹುದು. ಮುಚ್ಚುವ ಕಡೆಗೆ ಬೆರಳೇ ಸಾಕು. ಪಿಸ್ಟನ್ ಮೇಲಿದ್ದು ಎರಡೂ ವಾಲ್ವ್ ಮುಚ್ಚಿರುವಾಗ, ರಾಕರ್ ಅನ್ನು ಸ್ಪ್ರಿಂಗ್ ವಿರುದ್ಧ ಒತ್ತಿ ಹಿಡಿದು ಕೆಳಗಿನ ಶಿಮ್, ಅಂದರೆ ಸಂದಿನ ಅಳತೆ ಹೊಂದಿಸುವ ಸಣ್ಣ ತುಂಡನ್ನು, ತಿರುಗಿಸಿ ನೋಡಿ. ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಕುಣಿಯಬಾರದು. ಶಿಮ್ ಹಿಡಿದಿಡುವ ಎರಡು ಅರ್ಧ ಉಂಗುರಗಳು ಕಾಲಕ್ರಮೇಣ ಚಪ್ಪಟೆಯಾಗುತ್ತವೆ. ಸಂದು ದೊಡ್ಡದಾಗುವುದು ಮುಖ್ಯವಾಗಿ ಅದರಿಂದಲೇ.

ಮೊದಲ ಸಲ ಸುಮ್ನೆ ಅಳೆದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಶಿಮ್ ಬದಲಿಸುವ ಕೆಲಸಕ್ಕೆ ತಿಳಿದವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಆ ಅರ್ಧ ಉಂಗುರಗಳು ಅಕ್ಕಿಕಾಳಿನಷ್ಟೇ ದಪ್ಪ. ಕೈಜಾರಿದರೆ ಆಯಿಲ್ ಇಳಿಯುವ ತೂತಿನಲ್ಲಿ ಬಿದ್ದು ಇಂಜಿನ್ ಒಳಗೇ ಹೋಗುತ್ತವೆ. ಅದಕ್ಕೇ ಆ ತೂತುಗಳಿಗೆ ಮೊದಲು ಬಟ್ಟೆ ತುರುಕಬೇಕು. ಇನ್ನೊಂದು, ಪಿಸ್ಟನ್ ಮೇಲೆ ಇಲ್ಲದಾಗ ಉಂಗುರ ತೆಗೆದರೆ ವಾಲ್ವ್ ಸಿಲಿಂಡರ್ ಒಳಗೆ ಬೀಳುತ್ತದೆ. ಆಮೇಲೆ ಹೆಡ್ ಬಿಚ್ಚದೇ ಗತಿಯಿಲ್ಲ. ಪ್ರತಿ 10,000 ಕಿ.ಮೀ.ಗೆ ಈ ಪರೀಕ್ಷೆ. ಒಂದು ಭಾನುವಾರದ ಕೆಲಸ. ನನಗಂತೂ ಇಡೀ ಗಾಡಿಯಲ್ಲಿ ಅತಿ ಇಷ್ಟದ ಕೆಲಸ ಇದೇ.

ಇನ್ನು ಪೆಟ್ರೋಲ್. ಟ್ಯಾಂಕಿನಲ್ಲಿರುವ ನಾಲ್ಕು ವರ್ಷದ ಪೆಟ್ರೋಲನ್ನು ಪೂರ್ತಿ ತೆಗೆಯಿರಿ. ಟಾರ್ಚ್ ಬಿಟ್ಟು ಒಳಗೆ ನೋಡಿ. ನಿಮ್ಮದು ಕಬ್ಬಿಣದ ಟ್ಯಾಂಕ್. ಮುಂದೆ ಬಂದ ಕೆಲವು ಡುಕಾಟಿಗಳ ಪ್ಲಾಸ್ಟಿಕ್ ಟ್ಯಾಂಕ್‌ಗಳು ಎಥನಾಲ್‌ಗೆ ಊದಿಕೊಂಡವು, ನಿಮಗೆ ಆ ತೊಂದರೆ ಇಲ್ಲ. ಆದರೆ ತುಕ್ಕು ಇದೆ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ, ಆ ನೀರು ತಳದಲ್ಲಿ ಕೂರುತ್ತದೆ. ಟ್ಯಾಂಕಿನ ಅಡಿ, ಹಿಂಜ್ ಇರುವ ಜಾಗ, ಇವನ್ನು ಹೊರಗಿನಿಂದಲೂ ಒತ್ತಿ ನೋಡಿ. ಶೇ. 10ರವರೆಗೆ ಎಥನಾಲ್ ಬೆರೆತ ಇ10 ಬಿಟ್ಟು, ಎಥನಾಲ್ ಕಡಿಮೆ ಇರುವ ಪೆಟ್ರೋಲ್ ಹಾಕಿ. ಚಳಿಗಾಲಕ್ಕೆ ನಿಲ್ಲಿಸುವಾಗ ಟ್ಯಾಂಕ್ ತುಂಬಿಸಿ, ಕಾರ್ಬೊರೇಟರ್ ಖಾಲಿ ಮಾಡಿ ನಿಲ್ಲಿಸಿ.

ಕಾರ್ಬೊರೇಟರ್ ಎರಡೂ ಮಿಕುನಿ 38 ಮಿ.ಮೀ. ಪೆಟ್ರೋಲ್ ಹಾಯುವ ಪೈಲಟ್ ಜೆಟ್ ತೂತು ಸೂಜಿ ಮೊನೆಯಷ್ಟು. ಹಳೆಯ ಪೆಟ್ರೋಲ್ ಅಂಟಾಗಿ ಅದನ್ನೇ ಮೊದಲು ಮುಚ್ಚುತ್ತದೆ. ತಂತಿ ಹಾಕಿ ಕೆರೆಯಬೇಡಿ, ಕ್ಲೀನರ್ ಮತ್ತು ಗಾಳಿ ಸಾಕು. ಒಳಗಿನ ರಬ್ಬರ್ ಡಯಾಫ್ರಾಮನ್ನು ಬೆಳಕಿಗೆ ಹಿಡಿದು ನೋಡಿ. ಒಂದು ಸಣ್ಣ ತೂತಿದ್ದರೂ ಗಾಡಿ ಎಳೆಯುವುದಿಲ್ಲ. ಮೂವತ್ತು ವರ್ಷದ ರಬ್ಬರ್ ಪೈಪ್‌ಗಳನ್ನೆಲ್ಲ ಕಣ್ಣುಮುಚ್ಚಿ ಬದಲಿಸಿ.

ಕರೆಂಟಿನ ವಿಷಯದಲ್ಲಿ ಈ ಕಾಲದ ಡುಕಾಟಿಗಳಿಗೆ ಕೆಟ್ಟ ಹೆಸರು. ಅದು ಸುಳ್ಳಲ್ಲ. ಆದರೆ ತೊಂದರೆ ಬಹುಪಾಲು ಎರಡು ಮೂರು ಜಾಗದಲ್ಲೇ ಇರುತ್ತದೆ. ಆಲ್ಟರ್ನೇಟರ್‌ನಿಂದ ರೆಗ್ಯುಲೇಟರ್‌ಗೆ ಹೋಗುವ ವೈರ್‌ಗಳ ಕನೆಕ್ಟರ್ ಬಿಚ್ಚಿ ನೋಡಿ. ಕಂದು ಬಣ್ಣಕ್ಕೆ ತಿರುಗಿದ್ದರೆ ಅಲ್ಲಿ ಬಿಸಿಯಾಗುತ್ತಿದೆ ಅಂತಲೇ ಅರ್ಥ. ಕತ್ತರಿಸಿ, ಒಳ್ಳೆಯ ಕನೆಕ್ಟರ್ ಹಾಕಿ. ಅರ್ಥ್ ವೈರ್‌ಗಳ ತುದಿಯನ್ನು ಉಜ್ಜಿ ಹೊಳೆಯುವಂತೆ ಮಾಡಿ. ಸ್ಟಾರ್ಟರ್ ಮೋಟಾರ್‌ಗೆ ಹೋಗುವ ಮೂಲ ಕೇಬಲ್ ತೆಳು. ಬ್ಯಾಟರಿ ಚೆನ್ನಾಗಿದ್ದರೂ ಬೆಳಗ್ಗೆ ಇಂಜಿನ್ ಒದ್ದಾಡುವುದು ಅದಕ್ಕೇ. ದಪ್ಪ ಕೇಬಲ್ ಹಾಕಿದರೆ ಬೇರೆಯೇ ಗಾಡಿ ಅನಿಸುತ್ತದೆ. ಸ್ಟಾರ್ಟ್ ಆದ ಮೇಲೆ 4000 ಆರ್‌ಪಿಎಂನಲ್ಲಿ ಬ್ಯಾಟರಿ ಮೇಲೆ ಮೀಟರ್ ಇಡಿ. 14 ವೋಲ್ಟ್ ಆಸುಪಾಸು ಇರಬೇಕು. 13ಕ್ಕಿಂತ ಕಡಿಮೆ ಅಥವಾ 15ಕ್ಕಿಂತ ಜಾಸ್ತಿ ಇದ್ದರೆ ರೆಗ್ಯುಲೇಟರ್ ನೋಡದೆ ದೂರ ಹೊರಡಬೇಡಿ.

ಬ್ರೇಕ್ ಆಯಿಲ್, ಕ್ಲಚ್ ಆಯಿಲ್, ಇಂಜಿನ್ ಆಯಿಲ್, ಫೋರ್ಕ್ ಆಯಿಲ್, ಇವೆಲ್ಲ ಹೊಸದು. ಇದರಲ್ಲಿ ಯೋಚಿಸುವುದು ಏನೂ ಇಲ್ಲ. ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಗುರುತು ಇರುತ್ತದೆ. ಮೊದಲ ಎರಡು ಅಂಕಿ ಟೈರ್ ತಯಾರಾದ ವಾರ, ಕೊನೆಯ ಎರಡು ಅಂಕಿ ವರ್ಷ. ಟೈರಿನ ಮೇಲಿನ ಗೆರೆಗಳ ಆಳ ಎಷ್ಟೇ ಇದ್ದರೂ ವಯಸ್ಸಾದ ಟೈರ್ ಬೇಡ. ಅದು ಗಟ್ಟಿಯಾಗಿರುತ್ತದೆ, ಒದ್ದೆ ರಸ್ತೆಯಲ್ಲಿ ಹಿಡಿಯುವುದಿಲ್ಲ.

ಫೇರಿಂಗ್, ಅಂದರೆ ಹೊರಗಿನ ಹೊದಿಕೆ, ಬಿಚ್ಚಿದಾಗ ಇನ್ನೊಂದು ಕೆಲಸ. ಹ್ಯಾಂಡಲ್ ತಲೆಯ ಹತ್ತಿರ ಫ್ರೇಮಿನ ವೆಲ್ಡ್‌ಗಳನ್ನು, ಸ್ವಿಂಗ್ ಆರ್ಮ್‌ನ ಹಿಂದಿನ ತುದಿಯಲ್ಲಿ ಚೈನ್ ಅಡ್ಜಸ್ಟರ್ ಇರುವ ಜಾಗವನ್ನು ತೊಳೆದು ಒರೆಸಿ, ಬೆಳಕು ಹಿಡಿದು ನೋಡಿ. 90ರ ದಶಕದ ಮೊದಲರ್ಧದ ಕೆಲವು ಎಸ್‌ಎಸ್‌ಗಳಲ್ಲಿ ಅಲ್ಲಿ ಬಿರುಕು ಕಂಡಿದ್ದುಂಟು. ಕೂದಲಿನಂಥ ಗೆರೆ ಕಂಡರೂ ಓಡಿಸಬೇಡಿ. ಮುಂದಿನ ಸ್ಪ್ರಾಕೆಟ್ ಅಲುಗಾಡಿಸಿ ನೋಡಿ. ಅದನ್ನು ಹಿಡಿದಿರುವುದು ಒಂದು ತೆಳು ಪ್ಲೇಟ್, ಎರಡು ಬೋಲ್ಟ್ ಅಷ್ಟೇ.

ಕ್ಲಚ್ ಬಗ್ಗೆ ಹೇಳದಿದ್ದರೆ ನೀವು ಮೊದಲ ದಿನವೇ ಬೆಚ್ಚಿಬೀಳುತ್ತೀರಿ. ನಿಮ್ಮದು ಡ್ರೈ ಕ್ಲಚ್. ಪ್ಲೇಟ್‌ಗಳು ಆಯಿಲ್‌ನಲ್ಲಿ ಮುಳುಗಿಲ್ಲ, ಗಾಳಿಯಲ್ಲೇ ಇವೆ. ಲಿವರ್ ಹಿಡಿದಾಗ ಪಾತ್ರೆ ಡಬ್ಬಿಯಲ್ಲಿ ಕಲ್ಲು ಹಾಕಿ ಕುಲುಕಿದ ಸದ್ದು ಬರುತ್ತದೆ. ಬಿಟ್ಟಾಗ ಕಡಿಮೆಯಾಗುತ್ತದೆ. ಅದು ಕಾಯಿಲೆ ಅಲ್ಲ, ಅದರ ಗುಣ. ಸದ್ದು ಕರ್ಕಶವಾಗಿ, ಜೊತೆಗೆ ಎಳೆದು ಎಳೆದು ಹಿಡಿಯುತ್ತಿದ್ದರೆ ಕವರ್ ತೆಗೆದು ಬಾಸ್ಕೆಟ್‌ನ ಹಲ್ಲು ಸವೆದಿದೆಯಾ ನೋಡಿ. ಪ್ಲೇಟಿನ ಪುಡಿಯನ್ನು ವರ್ಷಕ್ಕೊಮ್ಮೆ ಒರೆಸಿ. ಊದಬೇಡಿ, ಆ ಪುಡಿ ಶ್ವಾಸಕ್ಕೆ ಒಳ್ಳೆಯದಲ್ಲ. ಎಡಗಡೆ ಇರುವ ಕ್ಲಚ್ ಸ್ಲೇವ್ ಸಿಲಿಂಡರ್‌ನ ಸೀಲ್ ಸೋರುವುದು ಮಾಮೂಲಿ. ಲಿವರ್ ದಿನೇ ದಿನೇ ಮೆತ್ತಗಾಗುತ್ತಿದ್ದರೆ ಅದೇ ಕಾರಣ. ಬೊಲೋನ್ಯಾಕ್ಕೆ ಬರುವ ಮೊದಲು ಅದರ ಸೀಲ್ ಬದಲಿಸಿ.

ಈಗ ನಿಮ್ಮ ಎರಡನೇ ಪ್ರಶ್ನೆ, ಏನು ಹಾಕಿಸಲಿ ಅನ್ನುವುದು. ಎಲ್ಲರ ಕಣ್ಣು ಮೊದಲು ಸೈಲೆನ್ಸರ್ ಮೇಲೆ. ತೆರ್ಮಿನ್ಯೋನಿ ಕಂಪನಿಯ ಪೈಪ್, ತೆರೆದ ಏರ್ ಬಾಕ್ಸ್, ಜೆಟ್ ಕಿಟ್. ಚೆನ್ನಾಗಿ ಟ್ಯೂನ್ ಮಾಡಿದರೆ ಗಾಡಿ ನಿಜಕ್ಕೂ ಉಸಿರಾಡುತ್ತದೆ, ಒಪ್ಪುತ್ತೇನೆ. ಆದರೆ ನಿಮಗೆ ಈಗ ಬೇಡ ಅನ್ನುತ್ತೇನೆ. ಪೈಪ್ ಬದಲಿಸಿ ಜೆಟ್ ಬದಲಿಸದಿದ್ದರೆ ಮಿಶ್ರಣ ತೆಳುವಾಗಿ ಇಂಜಿನ್ ಬಿಸಿಯಾಗುತ್ತದೆ. ಜರ್ಮನಿಯ ಎರಡು ವರ್ಷದ ಟ್ಯೂಫ್ ತಪಾಸಣೆಯಲ್ಲಿ ಅನುಮತಿ ಗುರುತು ಇಲ್ಲದ ಪೈಪ್ ಪಾಸಾಗುವುದಿಲ್ಲ. ಮೂವತ್ತು ವರ್ಷ ತುಂಬಿದ, ಮೂಲ ರೂಪದಲ್ಲಿರುವ ಗಾಡಿಗೆ ಅಲ್ಲಿ ಪಾರಂಪರಿಕ ವಾಹನದ ಎಚ್ ನಂಬರ್ ಪ್ಲೇಟ್ ಸಿಗುತ್ತದೆ. ನಿಮ್ಮದಕ್ಕೂ ವಯಸ್ಸಿನ ಅರ್ಹತೆ ಬಂದಿದೆ. ಹಾಗಾಗಿ ತೆಗೆದ ಮೂಲ ಭಾಗ ಒಂದನ್ನೂ ಎಸೆಯಬೇಡಿ. ಇನ್ನೊಂದು ವಿಷಯ ನಿಮ್ಮ ದಾರಿಗೇ ಸಂಬಂಧಿಸಿದ್ದು. ಆಸ್ಟ್ರಿಯಾದ ತಿರೋಲ್‌ನಲ್ಲಿ, ಲೆಕ್‌ಟಾಲ್ ಕಣಿವೆ ಮತ್ತು ಹಾನ್‌ಟೆನ್‌ಯೋಖ್ ಘಾಟಿಯ ಕಡೆ, 2020ರಿಂದ ಬೇಸಿಗೆಯಲ್ಲಿ ಜೋರು ಸದ್ದಿನ ಬೈಕ್‌ಗಳಿಗೆ ತಡೆ ಹಾಕಿದರು. ನಿಂತಾಗಿನ ಸದ್ದು 95 ಡೆಸಿಬೆಲ್ ಮೀರಿದ್ದರೆ ಆ ರಸ್ತೆಗಳಲ್ಲಿ ಪ್ರವೇಶ ಇಲ್ಲ. ನೋಡುವುದು ಗಾಡಿಯ ದಾಖಲೆಯಲ್ಲಿರುವ ಅಂಕಿಯನ್ನು. ಹೊರಡುವ ಮುನ್ನ ನಿಮ್ಮ ಆರ್‌ಸಿಯಲ್ಲಿ ಆ ಅಂಕಿ ಎಷ್ಟಿದೆ, ಈ ವರ್ಷದ ನಿಯಮ ಏನಿದೆ, ಎರಡನ್ನೂ ನೋಡಿಕೊಳ್ಳಿ.

ದುಡ್ಡು ಹಾಕಬೇಕಾದ ಜಾಗ ಬೇರೆ. ಬ್ರೆಂಬೊ ಬ್ರೇಕ್ ಒಳ್ಳೆಯದೇ, ಮುಂದೆ 320 ಮಿ.ಮೀ. ಡಿಸ್ಕ್ ಎರಡು. ಆದರೆ ಮೂವತ್ತು ವರ್ಷದ ರಬ್ಬರ್ ಹೋಸ್ ಒತ್ತಿದಾಗ ಊದಿಕೊಳ್ಳುತ್ತದೆ. ಸ್ಟೀಲ್ ಹೆಣೆದ ಹೋಸ್ ಹಾಕಿಸಿ. ಆಮೇಲೆ ಸಸ್ಪೆನ್ಶನ್. ಶೋವಾ ಫೋರ್ಕ್ ಇದ್ದರೆ ಪೂರ್ತಿ ಅಡ್ಜಸ್ಟ್ ಮಾಡಬಹುದು. ನಿಮ್ಮ ತೂಕಕ್ಕೆ ಹೊಂದಿಸಿ. ನೀವು ಕೂತಾಗ ಹಿಂದೆ ಮುಂದೆ ಎರಡೂ ಕಡೆ 30ರಿಂದ 35 ಮಿ.ಮೀ. ಇಳಿಯುವಂತೆ ನೋಡಿಕೊಳ್ಳಿ. ಇದಕ್ಕೆ ಬೇಕಾಗಿದ್ದು ಒಂದು ಟೇಪು, ಒಬ್ಬ ಗೆಳೆಯ. ಗಾಡಿ ತಿರುಗುವ ರೀತಿಯೇ ಬದಲಾಗುತ್ತದೆ.

ಇನ್ನೊಂದು ಸಣ್ಣ ಬದಲಾವಣೆ ನಾನು ಎಲ್ಲರಿಗೂ ಹೇಳುತ್ತೇನೆ. ಮುಂದಿನ ಸ್ಪ್ರಾಕೆಟ್ 15 ಹಲ್ಲಿನದು ಇದ್ದರೆ 14 ಹಾಕಿ. ಈ ಇಂಜಿನ್‌ಗೆ 3000 ಆರ್‌ಪಿಎಂ ಕೆಳಗೆ ಓಡುವುದು ಇಷ್ಟವಿಲ್ಲ, ಚೈನ್ ಕುಕ್ಕುತ್ತದೆ. ಒಂದು ಹಲ್ಲು ಕಡಿಮೆಯಾದರೆ ಊರೊಳಗೆ, ಘಾಟಿಯಲ್ಲಿ ಅರ್ಧ ಕಷ್ಟ ಹೋಗುತ್ತದೆ.

ಟ್ಯಾಂಕ್ ಕಬ್ಬಿಣದ್ದಾದ್ದರಿಂದ ಆಯಸ್ಕಾಂತದ ಟ್ಯಾಂಕ್ ಬ್ಯಾಗ್ ಹಿಡಿಯುತ್ತದೆ. ಅಡಿಗೆ ಮೆತ್ತನೆಯ ಬಟ್ಟೆ ಹಾಕದಿದ್ದರೆ ಆ ಕೆಂಪು ಬಣ್ಣ ಗೀರುತ್ತದೆ. ಪಕ್ಕದ ಬ್ಯಾಗ್ ಬೇಡ, ಸೈಲೆನ್ಸರ್ ಬಿಸಿ ತಾಗುತ್ತದೆ. ಹಿಂದಿನ ಸೀಟಿಗೆ ಒಂದು ಸಣ್ಣ ಬ್ಯಾಗ್ ಸಾಕು. ನಿಮಗೆ ಚರ್ಮದ ಜಾಕೆಟ್, ಬೆನ್ನಿನ ಗಾರ್ಡ್, ಕಿವಿಗೆ ಪ್ಲಗ್. ಮೂರನ್ನೂ ಬಿಡಬೇಡಿ. ಕಿವಿಯ ಪ್ಲಗ್ ಇಲ್ಲದೆ ಐದು ಗಂಟೆ ಹೈವೇ ಓಡಿಸಿದರೆ ರಾತ್ರಿಯೆಲ್ಲ ಗುಂಯ್ ಅನ್ನುತ್ತದೆ, ದಣಿವೂ ಎರಡರಷ್ಟು.

ಓಡಿಸುವ ಮಾತಿಗೆ ಬಂದರೆ, ಮೊದಲ ಅರ್ಧ ಗಂಟೆ ನಿಮಗೆ ಇದು ಇಷ್ಟವಾಗದೇ ಇರಬಹುದು. ಹ್ಯಾಂಡಲ್ ಕೆಳಗೆ, ಭಾರ ಮಣಿಕಟ್ಟಿನ ಮೇಲೆ. ಸ್ಟೀರಿಂಗ್ ಸ್ವಲ್ಪವೇ ತಿರುಗುತ್ತದೆ, ರಿವರ್ಸ್ ತೆಗೆಯುವಾಗ ಬೆರಳು ಟ್ಯಾಂಕಿಗೆ ತಾಗುತ್ತದೆ. ಮಂಡಿಗಳಿಂದ ಟ್ಯಾಂಕನ್ನು ಗಟ್ಟಿಯಾಗಿ ಅಪ್ಪಿ ಹಿಡಿಯಿರಿ, ಹೊಟ್ಟೆ ಬೆನ್ನಿನ ಬಲದಲ್ಲಿ ಕೂರಿ. ಕೈ ಸಡಿಲ ಬಿಡಿ. ಸಿಗ್ನಲ್‌ಗೆ ನಿಲ್ಲುವ ಮುನ್ನ, ಗಾಡಿ ಇನ್ನೂ ಉರುಳುತ್ತಿರುವಾಗಲೇ ನ್ಯೂಟ್ರಲ್‌ಗೆ ಹಾಕಿ. ನಿಂತ ಮೇಲೆ ನ್ಯೂಟ್ರಲ್ ಸಿಗುವುದು ಕಷ್ಟ. ಟ್ರಾಫಿಕ್ ಜಾಮ್‌ನಲ್ಲಿ ಐದು ನಿಮಿಷಕ್ಕಿಂತ ಜಾಸ್ತಿ ನಿಲ್ಲಬೇಕಾದರೆ ಇಂಜಿನ್ ಆಫ್ ಮಾಡಿ. ಫ್ಯಾನ್ ಇಲ್ಲ, ಗಾಳಿ ಸಿಗದೆ ಹಿಂದಿನ ಸಿಲಿಂಡರ್ ಬೇಯುತ್ತದೆ. ಸೈಡ್ ಸ್ಟ್ಯಾಂಡ್ ತಾನಾಗಿ ಹಿಂದಕ್ಕೆ ಹಾರುವ ಜಾತಿಯದಾ ನೋಡಿಕೊಳ್ಳಿ. ಹಾಗಿದ್ದರೆ ಭಾರ ಪೂರ್ತಿ ಕೂತಿದೆ ಅಂತ ಖಾತ್ರಿಯಾಗುವವರೆಗೆ ಕೈ ಬಿಡಬೇಡಿ.

ಬೆಳಗಿನ ಚಳಿ, ಮಂಜು ಇರುವಾಗ ಕಾರ್ಬೊರೇಟರ್ ಒಳಗೆ ಹಿಮ ಕಟ್ಟುತ್ತದೆ. ಸೊನ್ನೆಯಿಂದ ಹತ್ತು ಡಿಗ್ರಿ, ತೇವದ ಗಾಳಿ, ಒಂದೇ ವೇಗ, ಇವು ಮೂರು ಸೇರಿದರೆ ಆಗುವುದು ಇದು. ಇಂಜಿನ್ ಸುಮ್ಮನೆ ಕುಂದುತ್ತಾ ಹೋಗಿ, ನಿಲ್ಲಿಸಿದಾಗ ಆಫ್ ಆಗುತ್ತದೆ. ಕೆಟ್ಟಿತು ಅಂತ ಬಿಚ್ಚಲು ಕೂರಬೇಡಿ. ಹತ್ತು ನಿಮಿಷ ನಿಂತರೆ ಇಂಜಿನ್ ಬಿಸಿಗೆ ಹಿಮ ಕರಗುತ್ತದೆ, ಗಾಡಿ ಮತ್ತೆ ಎದ್ದು ಓಡುತ್ತದೆ.

ಸಂತೋಷ ಇರುವುದು 4000ರಿಂದ 7000 ಆರ್‌ಪಿಎಂ ನಡುವೆ. ಮೀಟರಿನ ಕೆಂಪು ಗೆರೆ ತನಕ ಎಳೆಯುವ ಗಾಡಿ ಇದಲ್ಲ. ಮೂರನೇ ಗೇರ್ ಹಾಕಿ, ತಿರುವಿಗೆ ಮುಂಚೆ ಥ್ರಾಟಲ್ ಬಿಟ್ಟರೆ ಇಂಜಿನ್ನೇ ಬ್ರೇಕ್ ಹಾಕಿದಂತೆ ಹಿಡಿಯುತ್ತದೆ. ತಿರುವಿನ ಕೊನೆ ಕಂಡ ಕೂಡಲೇ ನಿಧಾನವಾಗಿ ಕೊಡಿ. ಗೇರ್ ಮುಟ್ಟದೆ ಇಡೀ ಬೆಟ್ಟ ಹತ್ತಬಹುದು. ಅದರ ಲಯ ಒಮ್ಮೆ ಕೈಗೆ ಹತ್ತಿದರೆ ಬೇರೆ ಗಾಡಿ ಬೇಡ ಅನಿಸುತ್ತದೆ.

ಆದರೆ ಹೇರ್‌ಪಿನ್ ತಿರುವು ಇದಕ್ಕೆ ಒಗ್ಗುವುದಿಲ್ಲ, ನೇರವಾಗಿ ಹೇಳುತ್ತೇನೆ. ಸ್ಟೆಲ್ವಿಯೊ ಘಾಟಿಯ ಪ್ರಾತೊ ಕಡೆಯಿಂದ 48 ಹೇರ್‌ಪಿನ್ ಇವೆ, ಎತ್ತರ 2,757 ಮೀಟರ್. ಮೊದಲ ವರ್ಷ ಅಲ್ಲಿಗೆ ಹೋಗಬೇಡಿ. ಮೊದಲ ಗೇರ್ ಉದ್ದ, ಸ್ಟೀರಿಂಗ್ ತಿರುಗದು, ಡ್ರೈ ಕ್ಲಚ್ ಬಿಸಿಯಾಗಿ ವಾಸನೆ ಬರುತ್ತದೆ. ಬ್ರೆನ್ನರ್ ದಾರಿ ಹಿಡಿಯಿರಿ. ಸುಮಾರು 1,370 ಮೀಟರ್, ಅಗಲ ರಸ್ತೆ. ಹೇರ್‌ಪಿನ್ ಬಂದೇ ಬರುತ್ತದೆ, ಆಗ ಮೊದಲ ಗೇರ್, ಹಿಂದಿನ ಬ್ರೇಕ್ ಮೆಲ್ಲಗೆ ಒತ್ತಿ ಹಿಡಿದು, ಥ್ರಾಟಲ್ ಸ್ವಲ್ಪ ಕೊಟ್ಟೇ ಇರಿ. ಚೈನ್ ಬಿಗಿಯಾಗಿರುತ್ತದೆ, ಗಾಡಿ ಕುಕ್ಕುವುದಿಲ್ಲ. ಕಣ್ಣು ಮುಂಚಕ್ರದ ಮೇಲಲ್ಲ, ತಿರುವಿನ ಆಚೆ ಹೊರಡುವ ರಸ್ತೆಯ ಮೇಲೆ.

ಹೊರಡುವ ಮುನ್ನ ಸ್ಟಟ್‌ಗಾರ್ಟ್ ಸುತ್ತ ಕನಿಷ್ಠ 1,000 ಕಿ.ಮೀ. ಓಡಿಸಿ. ಮೊದಲ 200 ಮನೆಯಿಂದ ಮೂವತ್ತು ಕಿ.ಮೀ. ಒಳಗೇ. ಪ್ರತಿ ಸಲ ಬಂದ ಮೇಲೆ ಅಡಿಗೆ ಹಳೆಯ ರಟ್ಟು ಹಾಕಿ ನಿಲ್ಲಿಸಿ. ಬೆಳಗ್ಗೆ ಎಲ್ಲಿ ಹನಿ ಬಿದ್ದಿದೆ, ಯಾವ ಬಣ್ಣ ಅಂತ ರಟ್ಟೇ ಹೇಳುತ್ತದೆ. ದಾರಿಗೆ ಅಲೆನ್ ಕೀ ಸೆಟ್, ಎರಡು ಪ್ಲಗ್, ಫ್ಯೂಸ್, ಒಂದು ಥ್ರಾಟಲ್ ಕೇಬಲ್, ತಂತಿ, ಟೇಪು, ಅರ್ಧ ಲೀಟರ್ ಆಯಿಲ್ ಇಟ್ಟುಕೊಳ್ಳಿ.

ಬೊಲೋನ್ಯಾ ತಲುಪಿದ ದಿನ ಬೋರ್ಗೊ ಪಾನಿಗಾಲೆಯ ಡುಕಾಟಿ ಫ್ಯಾಕ್ಟರಿ ಮ್ಯೂಸಿಯಂ ನೋಡಿ, ಗಾಡಿಗೆ ವಿಶ್ರಾಂತಿ ಕೊಡಿ. ಮರುದಿನ ಬೆಳಗ್ಗೆ ಬೇಗ ಎದ್ದು ಫ್ಲಾರೆನ್ಸ್ ಕಡೆಯ ಹಳೆಯ ರಸ್ತೆ ಹಿಡಿಯಿರಿ. ಮೊದಲು ರಾತಿಕೋಸಾ ಘಾಟಿ, 968 ಮೀಟರ್. ಆಮೇಲೆ ಫುತಾ, 903. ಹೇರ್‌ಪಿನ್ ಕಡಿಮೆ. ಉದ್ದುದ್ದ ತಿರುವು, ಏರು ಇಳಿತ, ಎರಡೂ ಕಡೆ ಮರ. ನಮ್ಮ ಕಡೆಯ ಚಾರ್ಮಾಡಿಯಷ್ಟು ಹಸಿರಲ್ಲ, ಆದರೆ ಈ ಇಂಜಿನ್‌ಗೆ ಅಳತೆ ಕೊಟ್ಟು ಹೊಲಿಸಿದ ರಸ್ತೆ. ಫುತಾ ಮೇಲೆ ಎರಡನೇ ಮಹಾಯುದ್ಧದ ಜರ್ಮನ್ ಸೈನಿಕರ ಸ್ಮಶಾನ ಇದೆ. 30,000ಕ್ಕೂ ಹೆಚ್ಚು ಜನ ಅಲ್ಲಿ ಮಣ್ಣಾಗಿದ್ದಾರೆ. ಗಾಡಿ ನಿಲ್ಲಿಸಿ ಸ್ವಲ್ಪ ಹೊತ್ತು ನಡೆದು ಬನ್ನಿ. ವಾಪಸು ಬರುವಷ್ಟರಲ್ಲಿ ಇಂಜಿನ್ ತಣಿದು ಆಯಿಲ್ ಕೆಳಗಿಳಿದಿರುತ್ತದೆ. ಗಾಡಿಯನ್ನು ನೆಟ್ಟಗೆ ಹಿಡಿದು, ಬಲಗಡೆಯ ಗಾಜಿನ ಕಿಂಡಿಯಲ್ಲಿ ಮಟ್ಟ ನೋಡಿ. ಎರಡು ಗೆರೆಗಳ ನಡುವೆ ಇದ್ದರೆ ಇಳಿಯಲು ಶುರು ಮಾಡಿ.